ಮ್ಯಾನೇಜರು ಕುರಿಗಳಿಗೆ ಹುಳದ ಔಷಧ ಹಾಕಿದ್ದು

ಬೀದಿಯವರೆಲ್ಲ ಮ್ಯಾನೇಜರು ಎಂದು ಕರೆಯುವ ಈ ಮಹಾನುಭಾವರು ಜೀವಮಾನದಲ್ಲಿ ಮ್ಯಾನೇಜರಾಗಿದ್ದದ್ದು ಒಂದೇ ಒಂದು ವಾರ. ಅದೂ ಅಸಲಿ ಮ್ಯಾನೇಜರು ಕಾಮಾಲೆಯಾಗಿ ಮಲಗಿದ್ದಾಗ. ಆ ವಾರದಲ್ಲಿ ಇವರು ಮಾಡಿದ ಘನಕಾರ್ಯವೆಂದರೆ ಕುರ್ಚಿಯ ಎತ್ತರ ಸರಿ ಮಾಡಿಸಿಕೊಂಡದ್ದು, ಆಮೇಲೆ ಆಫೀಸಿನ ಎಲ್ಲ ಕಾಗದದ ಮೇಲೂ ಸೀಲು ಬಲಗಡೆಯ ಮೂಲೆಯಲ್ಲೇ ಬೀಳತಕ್ಕದ್ದು ಎಂದು ಆಜ್ಞೆ ಹೊರಡಿಸಿದ್ದು. ಅಸಲಿ ಮ್ಯಾನೇಜರು ಗುಣವಾಗಿ ಬಂದರು, ಇವರು ಹಳೇ ಸ್ಟೂಲಿಗೆ ವಾಪಸಾದರು, ಹೆಸರು ಮಾತ್ರ ವಾಪಸಾಗಲಿಲ್ಲ. ಈಗ ಆ ಆಫೀಸೇ ಬಾಗಿಲು ಹಾಕಿಕೊಂಡಿದೆ. ಕುರ್ಚಿ, ಸ್ಟೂಲು, ಸೀಲು ಎಲ್ಲ ಗುಜರಿಗೆ ಹೋದವು. ಮ್ಯಾನೇಜರು ಹೆಂಡತಿಯನ್ನು ಕರೆದುಕೊಂಡು ಹೆಂಡತಿಯ ಅಣ್ಣನ ಮನೆಗೆ ಬಂದರು.

ಕರೆದುಕೊಂಡು ಬಂದರು ಎನ್ನುವುದು ಮ್ಯಾನೇಜರ ಹೇಳಿಕೆ. ನೋಡಿದವರು ಹೇಳುವ ಪ್ರಕಾರ ಹೆಂಡತಿ ಮುಂದೆ ಬಂದಳು, ಇವರು ಟ್ರಂಕು ಹೊತ್ತುಕೊಂಡು ಹಿಂದೆ ಬಂದರು.

ಅಣ್ಣನ ಮನೆ ಊರಿನ ಅಂಚಿನಲ್ಲಿತ್ತು. ಹಿಂದೆ ಕುರಿದೊಡ್ಡಿ, ಅದರ ಪಕ್ಕದಲ್ಲಿ ಹಂದಿಗೂಡು, ಮುಂದೆ ಜಗಲಿ. ಮ್ಯಾನೇಜರು ಜಗಲಿಯಲ್ಲಿ ತಳ ಊರಿದರು. ಬೆಳಿಗ್ಗೆ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುವುದು, ಮಧ್ಯಾಹ್ನ ಕೊನೆಯಿಂದ ಮೊದಲಿನವರೆಗೆ ಓದುವುದು, ಸಂಜೆ ನಾಳೆ ಪೇಪರು ಬೇಗ ಬಂದರೆ ಚೆನ್ನಾಗಿತ್ತು ಎಂದುಕೊಳ್ಳುವುದು. ಹೀಗೆ ತಿಂಗಳುಗಳೇ ಉರುಳಿದವು. ಹೆಂಡತಿಯ ಅಣ್ಣ, ಅಂದರೆ ಭಾವ, ಒಳ್ಳೆಯ ಮನುಷ್ಯ, ಒಂದು ದಿನವೂ ಒಂದು ಮಾತೂ ಆಡಿದವರಲ್ಲ. ಆ ಕೊರತೆಯನ್ನು ಅತ್ತೆ ತುಂಬುತ್ತಿದ್ದರು. ಮನೆಗೆ ಯಾರೇ ಬರಲಿ, ಅಳಿಯಂದಿರಿಗೆ ತೊಂದರೆ ಕೊಡಬೇಡಿ, ಪೇಪರು ಬಾಯಿಪಾಠ ಮಾಡ್ತಾ ಇದ್ದಾರೆ ಎಂದು ಮಂಚದ ಮೇಲಿಂದಲೇ ಹೇಳುತ್ತಿದ್ದರು. ಮ್ಯಾನೇಜರು ನಗುತ್ತಿದ್ದರು. ಆದರೆ ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿ ಎಂದು ಕೇಳಲು ಅವರಿಗೆ ನಾಚಿಕೆಯಾಗುತ್ತಿತ್ತು. ಹೆಂಡತಿ ಅದನ್ನು ಕಂಡು ತಾನೂ ಒಂದೇ ಸಲ ಬಡಿಸಿಕೊಳ್ಳುತ್ತಿದ್ದಳು. ಇದು ಅವರ ಹೊಟ್ಟೆಯನ್ನು ಹಸಿವಿಗಿಂತ ಹೆಚ್ಚು ಸುಡುತ್ತಿತ್ತು.

ಕೊನೆಗೆ ಹೆಂಡತಿಯೇ ಅಣ್ಣನ ಹತ್ತಿರ ಮಾತಾಡಿದಳು. ಏನು ಮಾತಾಡಿದಳೋ, ಎಷ್ಟು ಅಂಗಲಾಚಿದಳೋ, ಒಂದು ಬೆಳಿಗ್ಗೆ ಭಾವ ಜಗಲಿಗೆ ಬಂದು ಕೆಮ್ಮಿದರು. ತಾನು ಮೇವಿನ ಡಿಪೋಗೆ ಹೋಗಬೇಕು, ಬರುವುದು ಸಂಜೆಯಾಗುತ್ತದೆ, ಅಷ್ಟರಲ್ಲಿ ಕುರಿಗಳಿಗೂ ಹಂದಿಗಳಿಗೂ ಜಂತುಹುಳದ ಔಷಧ ಹಾಕಬೇಕು, ನಿಮ್ಮಿಂದ ಆಗುತ್ತಾ ಎಂದು ಕೇಳಿದರು. ಇಡೀ ಆಫೀಸು ನಡೆಸಿದ್ದೇನೆ ಭಾವ, ಕುರಿ ಯಾವ ಲೆಕ್ಕ ಎಂದು ಮ್ಯಾನೇಜರು ಪೇಪರು ಮಡಿಸಿಟ್ಟರು.

ಭಾವ ಅವರನ್ನು ದೊಡ್ಡಿಗೆ ಕರೆದೊಯ್ದು ಎಲ್ಲ ತೋರಿಸಿದರು. ಕುರಿಗೆ ಬಾಟಲಿಯಲ್ಲಿದ್ದ ಔಷಧ, ಅದನ್ನು ಬಾಯಿಗೆ ಬಿಡಲು ಉದ್ದ ಮೂತಿಯ ಒಂದು ಪಿಚಕಾರಿ. ತೂಕ ನೋಡಿ ಅಳತೆ ನಾನೇ ಇಟ್ಟಿದ್ದೇನೆ, ಅದನ್ನು ತಿರುಗಿಸಬೇಡಿ ಎಂದರು. ಹಂದಿಗೆ ಪುಡಿ, ಅದನ್ನು ಮೇವಿನಲ್ಲಿ ಕಲಸಿ ಇಟ್ಟರೆ ಆಯಿತು. ಕುರಿಗಳೆಲ್ಲ ಹೋದ ವಾರ ಸಂತೆಯಿಂದ ಒಟ್ಟಿಗೆ ಬಂದವು, ಒಂದೇ ವಯಸ್ಸು, ಒಂದೇ ಬಣ್ಣ, ಅಚ್ಚಿನಲ್ಲಿ ಎರೆದ ಹಾಗೆ ಒಂದೇ ಮುಖ. ಅವುಗಳಲ್ಲಿ ಕೆಲವನ್ನು ಮಟನ್ ಅಂಗಡಿಯವನು ಹಿಂದಿನ ದಿನ ಬೆನ್ನು ಹಿಚುಕಿ ನೋಡಿ ಆರಿಸಿ, ಬಲಗಡೆ ಸೊಂಟದ ಮೇಲೆ ನೀಲಿ ಗುರುತು ಹಾಕಿ ಹೋಗಿದ್ದ.

“ನೀಲಿ ಗುರುತಿನವು ಮುಟ್ಟಬೇಡಿ” ಎಂದರು ಭಾವ. “ಅವು ನಾಳೆ ಹೋಗೋವು. ಔಷಧ ಬಿದ್ರೆ ಇಷ್ಟು ದಿನ ಕಡಿಯೋ ಹಾಗಿಲ್ಲ ಅಂತ ಬಾಟಲಿ ಚೀಟೀಲಿದೆ, ಇಲ್ದಿದ್ರೆ ತಿನ್ನೋರ ಹೊಟ್ಟೆಗೂ ಹೋಗುತ್ತೆ. ಗುರುತು ಇಲ್ದೇ ಇರೋದಕ್ಕೆಲ್ಲ ಹಾಕಿ. ಇದೊಂದು ಸರಿಯಾಗಿ ಆಗ್ಲಿ ಭಾವನೋರೇ, ಇಡೀ ದೊಡ್ಡಿ ನಿಮ್ಮ ಕೈಗೇ ಬಿಟ್ಟುಬಿಡ್ತೀನಿ.”

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಅವಳ ಮುಖದಲ್ಲಿ ಆ ಹೊತ್ತು ಕಂಡ ಬೆಳಕು ಮದುವೆಯ ದಿನವೂ ಇರಲಿಲ್ಲ ಎಂದು ಮ್ಯಾನೇಜರಿಗೆ ಅನ್ನಿಸಿತು. ಮದುವೆಯ ದಿನ ಅವಳಿಗೆ ಜ್ವರವಿತ್ತು, ಆ ಮಾತು ಬೇರೆ.

ಭಾವ ಹೊರಟರು. ಮ್ಯಾನೇಜರು ಮೊದಲಿಗೆ ಬಾಟಲಿಯ ಜೊತೆ ಬಂದ ಚೀಟಿಯನ್ನು ಬಿಡಿಸಿ, ಪೇಪರು ಓದಿದ ಅಭ್ಯಾಸಬಲದಿಂದ ಮೊದಲಿನಿಂದ ಕೊನೆಯವರೆಗೂ ಓದಿದರು. ಕುರಿಯ ಗಲ್ಲ ಹಿಡಿಯಬೇಕು, ತಲೆಯನ್ನು ಆಕಾಶಕ್ಕೆ ಎತ್ತಬಾರದು, ಮೂತಿಯನ್ನು ಬಾಯಿಯ ಪಕ್ಕದಿಂದ ನಾಲಿಗೆಯ ಹಿಂಭಾಗಕ್ಕೆ ಬಿಡಬೇಕು, ಅವಸರ ಮಾಡಬಾರದು, ನುಂಗುವ ತನಕ ಕಾಯಬೇಕು. ಎಲ್ಲವೂ ಸರಿಯಾಗಿಯೇ ಇತ್ತು. ಕುರಿಯೂ ಈ ಚೀಟಿಯನ್ನು ಓದಿಕೊಂಡಿದ್ದರೆ ಇನ್ನೂ ಸರಿಯಾಗಿರುತ್ತಿತ್ತು.

ಮೊದಲನೆಯ ಕುರಿಯನ್ನು ಮ್ಯಾನೇಜರು ಎರಡು ಮಂಡಿಗಳ ನಡುವೆ ಇರುಕಿ ಹಿಡಿದರು. ಕುರಿ ಅವರನ್ನು ಬೆನ್ನ ಮೇಲೆ ಕೂರಿಸಿಕೊಂಡು ದೊಡ್ಡಿಯ ಪ್ರದಕ್ಷಿಣೆ ಮಾಡಿಸಿ, ಹೊರಟ ಜಾಗಕ್ಕೇ ತಂದು ಇಳಿಸಿತು. ಎರಡನೆಯದು ಔಷಧವನ್ನು ಮರ್ಯಾದೆಯಿಂದ ಬಾಯಲ್ಲಿ ತುಂಬಿಕೊಂಡು ಅವರ ಕನ್ನಡಕದ ಮೇಲೆ ಸೀನಿತು. ಮೂರನೆಯದಕ್ಕೆ ಹಾಕಲು ಹೋದದ್ದು ಅವರ ಅಂಗಿಯ ತೋಳಿನೊಳಗೆ ಇಳಿದು ಮೊಣಕೈಯಿಂದ ತೊಟ್ಟಿಕ್ಕಿತು. ಮೂರಕ್ಕೂ ಮತ್ತೆ ಮೊದಲಿನಿಂದ ಹಾಕಬೇಕಾಯಿತು. ಆದರೆ ಆಮೇಲೆ, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಕೈ ಕುದುರಿತು. ಗಲ್ಲ ಹಿಡಿ, ಮೂತಿ ಇಡು, ಒತ್ತು, ಕಾಯಿ, ಬಿಡು. ಎಷ್ಟೋ ತಿಂಗಳ ಮೇಲೆ ಕೈಗೆ ಕೆಲಸ ಸಿಕ್ಕಿದ ಖುಷಿ ಮೈಯೆಲ್ಲ ಹರಿಯಿತು. ಮ್ಯಾನೇಜರು ಕೌಂಟರಿನಲ್ಲಿ ಕೂತವರ ಹಾಗೆ ‘ನೆಕ್ಸ್ಟ್’ ಎಂದು ಕೂಗತೊಡಗಿದರು.

ಒಂದೇ ಒಂದು ತೊಡಕು. ಔಷಧ ಕುಡಿದ ಕುರಿ ಕಣ್ಣು ತಪ್ಪಿಸಿ ಕುಡಿಯದ ಕುರಿಗಳ ನಡುವೆ ನುಸುಳಲು ನೋಡುತ್ತಿತ್ತು. ಇದಕ್ಕೂ ಚೀಟಿಯಲ್ಲಿ ಪರಿಹಾರವಿತ್ತು. ಒಂದೇ ಪ್ರಾಣಿಗೆ ಎರಡು ಸಲ ಬೀಳದಂತೆ, ಹಾಕಿದ ಕೂಡಲೇ ಗುರುತು ಮಾಡಬೇಕು. ಮ್ಯಾನೇಜರು ಸುತ್ತ ನೋಡಿದರು. ಗೋಡೆಯ ಗೂಡಿನಲ್ಲಿ ಬಣ್ಣದ ಕಡ್ಡಿಯೊಂದು ಇವರಿಗಾಗಿಯೇ ಕಾದಂತೆ ಕೂತಿತ್ತು. ಮಟನ್ ಅಂಗಡಿಯವನು ಮರೆತುಹೋದದ್ದು. ನೀಲಿ ಬಣ್ಣದ್ದು.

ಓದುಗರಿಗೆ ಈಗಲೇ ಎದೆ ಧಸಕ್ಕೆಂದಿರಬಹುದು. ಮ್ಯಾನೇಜರಿಗೆ ಅನ್ನಲಿಲ್ಲ. ಗುರುತು ಇಲ್ಲದ್ದಕ್ಕೆ ಹಾಕು ಎಂದು ಭಾವ ಹೇಳಿದ್ದಾರೆ, ಹಾಕಿದ ಮೇಲೆ ಗುರುತು ಮಾಡು ಎಂದು ಚೀಟಿ ಹೇಳಿದೆ. ಎರಡೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ ಎಂದು ಅವರಿಗೆ ಆನಂದವೇ ಆಯಿತು. ಗುರುತು ಇಲ್ಲದ ಕುರಿ ಕಂಡರೆ ಹಿಡಿ, ಹಾಕು, ಗುರುತು ಮಾಡು. ಒಂದಕ್ಕೂ ಎರಡು ಸಲ ಬೀಳಲಿಲ್ಲ, ಒಂದೂ ತಪ್ಪಿಹೋಗಲಿಲ್ಲ. ಗುರುತಾದರೂ ಎಲ್ಲಿ? ಬಲಗಡೆ ಸೊಂಟದ ಮೇಲೆ, ಮೊದಲೇ ಇದ್ದ ಗುರುತುಗಳ ಅಳತೆಯಲ್ಲಿ, ಅದೇ ಓರೆಯಲ್ಲಿ. ಒಂದೊಂದು ಒಂದೊಂದು ಕಡೆ ಹಾಕಲು ಅವರೇನು ಶಿಸ್ತಿಲ್ಲದವರೇ?

ಹಂದಿಗಳ ಕೆಲಸ ಹೂವೆತ್ತಿದ ಹಾಗೆ ಮುಗಿಯಿತು. ಪುಡಿ ಕಲಸಿದ ಮೇವನ್ನು ಮುಂದಿಟ್ಟದ್ದೇ ತಡ, ತಟ್ಟೆ ತೊಳೆದಿಟ್ಟ ಹಾಗೆ ಮಾಡಿ ಇನ್ನೂ ಇದೆಯಾ ಎಂದು ತಲೆಯೆತ್ತಿದವು. ಇಂಥ ಸಹಕಾರ ನನಗೆ ಆಫೀಸಿನಲ್ಲೂ ಸಿಕ್ಕಿರಲಿಲ್ಲ ಎಂದು ಮ್ಯಾನೇಜರು ಅವುಗಳಿಗೆ ಹೇಳಿದರು.

ಹೆಂಡತಿ ಲೋಟದಲ್ಲಿ ಚಹಾ ತಂದಳು. ದೊಡ್ಡಿಯ ಬೇಲಿಗೆ ಒರಗಿ ನಿಂತು, ಅಬ್ಬ, ಎಲ್ಲ ಮುಗಿಸಿಬಿಟ್ಟಿರಲ್ಲ ಎಂದು ಮೆಚ್ಚಿಕೊಂಡಳು. ಆಮೇಲೆ ಸಹಜವಾಗಿ ಕೇಳಿದಳು, ನಾಳೆ ಹೋಗೋವು ಯಾವುವು ಎಂದು. ಮ್ಯಾನೇಜರು ಗತ್ತಿನಿಂದ ಕೈ ಎತ್ತಿ ತೋರಿಸಲು ಹೋದರು. ಎತ್ತಿದ ಕೈ ಎತ್ತಿದ ಹಾಗೇ ಇಡೀ ದೊಡ್ಡಿಯನ್ನು ಒಂದು ಸುತ್ತು ತಿರುಗಿ ತಮ್ಮ ತಲೆಯ ಮೇಲೆ ಬಂದು ಕೂತಿತು. ದೊಡ್ಡಿಯ ತುಂಬ ನೀಲಿ.

“ಒಂದು ಸ್ವಲ್ಪ ಲೆಕ್ಕ ಹಾಕಬೇಕು” ಎಂದರು ಮ್ಯಾನೇಜರು.

ಹೆಂಡತಿಯ ಮುಖದ ಬೆಳಕು ನೋಡಿ ಅವರಿಗೆ ನಿಜ ಹೇಳಲು ನಾಲಿಗೆ ಹೊರಳಲಿಲ್ಲ. ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಮ್ಯಾನೇಜರು ಒಂದೊಂದು ಕುರಿಯ ಹತ್ತಿರವೂ ಹೋಗಿ ನೀಲಿಯನ್ನು ಮೂಸಿದರು, ಬೆರಳಿನಿಂದ ಉಜ್ಜಿದರು, ಬೆಳಕಿಗೆ ಹಿಡಿದು ನೋಡಿದರು. ನಿನ್ನೆಯ ನೀಲಿ, ಇವತ್ತಿನ ನೀಲಿ ಎಂಬ ಭೇದವೇ ಇರಲಿಲ್ಲ. ಬೆನ್ನು ಹಿಚುಕಿಯೂ ನೋಡಿದರು. ಎಲ್ಲ ಬೆನ್ನೂ ಬೆನ್ನಿನ ಹಾಗೇ ಇತ್ತು. ಭಾವ ಹೇಳಿದ್ದರಲ್ಲಿ ತಪ್ಪಿಲ್ಲ, ಚೀಟಿ ಹೇಳಿದ್ದರಲ್ಲಿ ತಪ್ಪಿಲ್ಲ, ಎರಡನ್ನೂ ಕೂಡಿಸಿದ ತಲೆಯಲ್ಲೇ ಏನೋ ಕೊರತೆಯಿದೆ ಎಂದು ಅವರಿಗೆ ಖಚಿತವಾಯಿತು.

ಆದರೆ ಅದೇ ತಲೆಗೆ ಒಂದು ಉಪಾಯವೂ ಹೊಳೆಯಿತು. ಔಷಧ ಬಿದ್ದ ಕುರಿಯ ಹೊಟ್ಟೆಯಿಂದ ಹುಳ ಬೀಳಲೇಬೇಕು. ಹುಳ ಬಿದ್ದದ್ದು ಔಷಧದ ಕುರಿ, ಬೀಳದ್ದು ನಾಳೆಯ ಕುರಿ. ಸಂಜೆಯೊಳಗೆ ಬೇರೆ ಮಾಡಿಬಿಟ್ಟರೆ ನರಮನುಷ್ಯನಿಗೂ ಗೊತ್ತಾಗುವುದಿಲ್ಲ. ಮ್ಯಾನೇಜರು ಎಲ್ಲ ಕುರಿಗಳನ್ನೂ ದೊಡ್ಡಿಗೆ ಸೇರಿದ್ದ ಕೊಟ್ಟಿಗೆಯೊಳಗೆ ಕೂಡಿ ಬಾಗಿಲು ಹಾಕಿದರು. ಕೈಗೆ ಸಿಕ್ಕಿದ ಕೆಲವನ್ನು ಮಾತ್ರ ಅಂಗಳಕ್ಕೆ ಬಿಟ್ಟುಕೊಂಡರು. ಒಂದು ಕಡ್ಡಿ ಹಿಡಿದು, ಕನ್ನಡಕ ಒರೆಸಿಕೊಂಡು, ಕುರಿಗಳ ಹಿಂದೆ ಕುಕ್ಕರುಗಾಲಿನಲ್ಲಿ ಕೂತರು. ಹಿಕ್ಕೆ ಬಿದ್ದ ತಕ್ಷಣ ಕಡ್ಡಿಯಿಂದ ಒಡೆದು ನೋಡುವುದು. ಏನೂ ಇಲ್ಲ. ಮುಂದಿನದು. ಕುರಿಗಳು ಇಷ್ಟೊಂದು ಗಮನವನ್ನು ಎಂದೂ ಕಂಡಿರಲಿಲ್ಲ. ನಾಚಿಕೊಂಡು ಮೂಲೆಗೆ ಸರಿಯತೊಡಗಿದವು. ಮ್ಯಾನೇಜರು ಕೂತಲ್ಲಿಂದಲೇ ಕುಪ್ಪಳಿಸುತ್ತ ಹಿಂಬಾಲಿಸಿದರು.

ಪಕ್ಕದ ಮನೆಯ ಬಡಗಿ ಕಾಂಪೌಂಡಿನ ಆಚೆ ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದವನು ಕೆಲಸ ನಿಲ್ಲಿಸಿ ಗೋಡೆಯ ಮೇಲೆ ಗಲ್ಲವಿಟ್ಟ. ಸ್ವಲ್ಪ ಹೊತ್ತು ನೋಡಿದ. ಏನು ಹುಡುಕ್ತಾ ಇದ್ದೀರಿ ಮ್ಯಾನೇಜರ್ರೇ ಎಂದು ಕೇಳಿದ. ಏನಿಲ್ಲ ಎಂದರು ಮ್ಯಾನೇಜರು. ಒಬ್ಬ ಮರ್ಯಾದಸ್ಥ ಮನುಷ್ಯ ಕುರಿಯ ಹಿಕ್ಕೆ ಒಡೆದು ನೋಡುತ್ತ ಏನಿಲ್ಲ ಎಂದರೆ ಏನೋ ಇದೆ ಎಂದೇ ಅರ್ಥ ಎಂದು ಬಡಗಿ ತೀರ್ಮಾನಿಸಿದ. ಅವನು ದನಿ ತಗ್ಗಿಸಿ ಚಿನ್ನವಾ ಎಂದ. ಮ್ಯಾನೇಜರು ಉತ್ತರ ಹುಡುಕುತ್ತಿದ್ದಂತೆಯೇ ಬಡಗಿ ಗೋಡೆ ಹಾರಿ ಈ ಕಡೆ ಬಂದಿದ್ದ. ಹಾರುವ ಮುಂಚೆ ಆ ಕಡೆ ತಿರುಗಿ ಹೆಂಡತಿಗೆ ವಿಷಯ ಹೇಳಿಯೇ ಹಾರಿದ್ದ.

ಆಮೇಲೆ ಕೇಳಬೇಕೆ? ಕುರಿ ಚಿನ್ನ ನುಂಗಿದೆಯಂತೆ ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟಿ ಈ ತುದಿಗೆ ಬರುವ ಹೊತ್ತಿಗೆ ಅಂಗಳದಲ್ಲಿ ಕುರಿಗಿಂತ ಜನ ಹೆಚ್ಚಾದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಡ್ಡಿ. ಒಬ್ಬಳು ಜರಡಿಯನ್ನೇ ತಂದಳು. ಅತ್ತೆ ಮಂಚದಿಂದ ಎದ್ದು ಬಂದವರು ಕಿವಿ, ಮೂಗು, ಕತ್ತು ಎಲ್ಲ ಮುಟ್ಟಿ ನೋಡಿಕೊಂಡು, ಎರಡು ವರ್ಷದ ಹಿಂದೆ ಕಳೆದುಹೋದ ನನ್ನ ಓಲೆಯನ್ನು ತಿಂದದ್ದೂ ಇವೇ ಇರಬೇಕು ಎಂದರು. ಈ ಕುರಿಗಳು ಬಂದದ್ದೇ ಹೋದ ವಾರವಲ್ಲವೇ ಎಂದು ಯಾರೋ ನೆನಪಿಸಿದರು. “ಮುಂಚೆ ಇದ್ದವು ತಿಂದು ಇಲ್ಲೇ ಹಾಕಿರ್ತವೆ, ಇವು ಬಂದು ಅದನ್ನೇ ತಿಂದಿರ್ತವೆ. ಕುರಿಗೇನು ಎಂಜಲು ಗಿಂಜಲು ಗೊತ್ತಾಗುತ್ತಾ?” ಎಂದು ಅತ್ತೆ ಜರಡಿಯನ್ನು ಕಸಿದುಕೊಂಡರು.

ಈ ಜಂಗುಳಿಯ ನಡುವೆ ಭಾವ ಬಂದರು. ಗಾಡಿಯಿಂದ ಮೇವು ಇಳಿಸುವುದನ್ನೂ ಮರೆತು ಅಂಗಳಕ್ಕೆ ಓಡಿ ಬಂದು, ಏನಾಯಿತು ಭಾವನೋರೇ, ಯಾರ ಚಿನ್ನ ಎಂದು ಕೇಳಿದರು. ಎಲ್ಲರೂ ಮ್ಯಾನೇಜರ ಮುಖ ನೋಡಿದರು. ಆ ಕ್ಷಣದಲ್ಲಿ ಮ್ಯಾನೇಜರ ಮುಂದೆ ಎರಡು ದಾರಿಗಳಿದ್ದವು. ಒಂದು, ನನಗೆ ಕೊಟ್ಟ ಮೊದಲನೇ ಕೆಲಸವನ್ನೇ ಕೆಡಿಸಿಟ್ಟಿದ್ದೇನೆ ಎನ್ನುವುದು. ಇನ್ನೊಂದು ದಾರಿ ಅವರ ಬೆರಳಲ್ಲೇ ಇತ್ತು. ಮ್ಯಾನೇಜರು ಕೈ ಬೆನ್ನ ಹಿಂದೆ ಕಟ್ಟಿ ಮದುವೆಯ ಉಂಗುರವನ್ನು ಮೆಲ್ಲಗೆ ಜಾರಿಸಿ ಪ್ಯಾಂಟಿನ ಜೇಬಿಗೆ ಬಿಟ್ಟರು.

“ನನ್ನ ಉಂಗುರ” ಎಂದರು. “ಔಷಧ ಹಾಕ್ತಾ ಇದ್ದೆನಲ್ಲ, ಬೆರಳಿಂದ ಜಾರಿಬಿಡ್ತು. ನೀಲಿ ಗುರುತಿನದೇ ಒಂದು ಬಂದು ಬಾಯಿ ಹಾಕ್ತು. ಅದಕ್ಕೇ ಭಾವ, ಉಂಗುರ ಬೀಳೋ ತನಕ ನೀಲಿಯವನ್ನ ಕಳಿಸೋದು ಬೇಡ ಅಂತ.”

ಸುಳ್ಳು ಇಷ್ಟು ಚೆನ್ನಾಗಿ ಕೂತದ್ದು ನೋಡಿ ಮ್ಯಾನೇಜರೇ ಬೆರಗಾದರು. ಮಾರಾಟ ಮುಂದಕ್ಕೆ ಹೋಯಿತು, ಔಷಧದ ದಿನಗಳು ಕಳೆದುಹೋಗುತ್ತವೆ, ಕುರಿಗಳು ಯಾವುವು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೆಂಡತಿ ಪಕ್ಕಕ್ಕೆ ಬಂದು ಕಿವಿಯ ಹತ್ತಿರ ಬಾಗಿದಳು. “ಆ ಜೇಬು ಹರಿದಿದೆ. ಎಡಗಡೆದಕ್ಕೆ ಹಾಕ್ಕೊಳ್ಳಿ” ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳು ಏನು ಎತ್ತ ಎಂದು ಕೇಳಲಿಲ್ಲ. ಕೇಳಿದ್ದರೆ ಮ್ಯಾನೇಜರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಭಾವ ಬೈಯಲಿಲ್ಲ. ಕೆಲಸ ಮಾಡುವವರ ಕೈಯಿಂದ ತಾನೇ ಉಂಗುರ ಜಾರುವುದು, ಜಗಲಿಯಲ್ಲಿ ಕೂತವರದು ಜಾರುತ್ತದೆಯೇ ಎಂದು ಅಮ್ಮನ ಕಡೆ ನೋಡಿ ಹೇಳಿದರು. ಅತ್ತೆ ಮೊದಲನೇ ಸಲ ತುಟಿ ಪಿಟಕ್ಕೆನ್ನಲಿಲ್ಲ. ಅಂಗಳದಲ್ಲಿದ್ದ ನೀಲಿ ಕುರಿಗಳನ್ನು ತೋರಿಸಿ, ಇವೇ ತಾನೆ ನಾಳೆಯವು, ಒಳಗಿರೋವು ಔಷಧದವು ತಾನೆ ಎಂದು ಭಾವ ಕೇಳಿದರು. ಮ್ಯಾನೇಜರ ತಲೆ ಹೂಂ ಎಂದು ಅಲ್ಲಾಡಿತು. ಎಷ್ಟು ಅಚ್ಚುಕಟ್ಟಾಗಿ ಬೇರೆ ಮಾಡಿಟ್ಟಿದ್ದೀರಿ ಎಂದು ಭಾವ ಅವರ ಬೆನ್ನು ತಟ್ಟಿದರು.

ಅಷ್ಟು ಹೊತ್ತಿಗೆ ಬಡಗಿ ಫೋನು ಮಾಡಿ ಕರೆಸಿದ ಪಶುವೈದ್ಯೆ ಸ್ಕೂಟರಿನಲ್ಲಿ ಬಂದರು. ಬೀದಿಯವರ ಬಾಯಲ್ಲಿ ಅವರು ಡಾಕ್ಟರಮ್ಮ. ಅವರು ಹೆಲ್ಮೆಟ್ಟು ತೆಗೆದು, ಕಡ್ಡಿ ಹಿಡಿದ ಜನರನ್ನೂ ಜರಡಿ ಹಿಡಿದ ಅತ್ತೆಯನ್ನೂ ನೋಡಿ, ಇದೆಲ್ಲ ದಂಡ ಎಂದರು. ಉಂಗುರದಂಥ ಭಾರದ ವಸ್ತು ಹಿಕ್ಕೆಯಲ್ಲಿ ಬರುವುದು ಕಷ್ಟ, ಕುರಿಯ ಮುಂದಿನ ಹೊಟ್ಟೆಯಲ್ಲೇ ಕೂತುಬಿಡುತ್ತದೆ, ವರ್ಷಗಟ್ಟಲೆ ಇದ್ದರೂ ಇತ್ತೇ ಎಂದು ವಿವರಿಸಿದರು. ಜನರ ಕೈಯಿಂದ ಕಡ್ಡಿಗಳು ಉದುರಿದವು. ಮ್ಯಾನೇಜರು ಸಂದು ನೋಡಿಕೊಂಡು ಡಾಕ್ಟರಮ್ಮನ ಪಕ್ಕಕ್ಕೆ ಹೋಗಿ, ಸುಮ್ಮನೆ ಜ್ಞಾನಕ್ಕೆ ಕೇಳುತ್ತೇನೆ, ಔಷಧ ಹಾಕಿದ ಮೇಲೆ ಹುಳ ಬೀಳುವುದಾದರೂ ಕಾಣುತ್ತದೆಯೇ ಎಂದು ಪಿಸುಗುಟ್ಟಿದರು. ಹಂದಿಯದಾದರೆ ಉದ್ದುದ್ದ ಹುಳ ಚೆನ್ನಾಗಿ ಕಾಣುತ್ತದೆ, ಕುರಿಯದು ಸಾಮಾನ್ಯವಾಗಿ ಕಣ್ಣಿಗೆ ಬೀಳುವಂಥದ್ದಲ್ಲ ಎಂದರು ಡಾಕ್ಟರಮ್ಮ. ಮಧ್ಯಾಹ್ನದಿಂದ ಕುಕ್ಕರುಗಾಲಿನಲ್ಲಿ ಕೂತ ಮಂಡಿಗಳು ಆಗ ಒಟ್ಟಿಗೆ ನೋಯತೊಡಗಿದವು.

ಆದರೆ ನಿಜವಾದ ಪೆಟ್ಟು ಭಾವನಿಂದ ಬಂತು. ಅವರು ಹಣೆ ಬಡಿದುಕೊಂಡು ನಕ್ಕರು. ಉಂಗುರ ಹೊಟ್ಟೆಯಲ್ಲೇ ಕೂತಿರುತ್ತದೆ ಎಂದಾದರೆ ಕಾಯುವುದು ಯಾಕೆ? ನಾಳೆ ಕಡಿಯುವುದನ್ನು ಇವತ್ತೇ ಕಡಿದರೆ ಇವತ್ತೇ ಸಿಗುತ್ತದೆ. ಬೀದಿಯೆಲ್ಲ ಹೌದಲ್ಲ ಎಂದಿತು. ಬಡಗಿ ಓಡಿಹೋಗಿ ಮಟನ್ ಅಂಗಡಿಯವನನ್ನು ಕರೆತಂದ. ಅವನು ತನ್ನ ಗಾಡಿಯನ್ನು ಗೇಟಿಗೆ ಹಿಮ್ಮುಖವಾಗಿ ನಿಲ್ಲಿಸಿ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಬೆಳಿಗ್ಗೆ ಹಾಸ್ಟೆಲಿನ ಹುಡುಗಿಯರಿಗೆ ಮಟನ್ ಕೊಡಬೇಕು, ರಾತ್ರಿಯೇ ಕಡಿದಿಟ್ಟರೆ ಆರಾಮ ಎಂದ. ಉಂಗುರ ಸಿಕ್ಕಿದರೆ ತೊಳೆದೇ ಕೊಡುತ್ತೇನೆ ಸ್ವಾಮಿ ಎಂದು ಮ್ಯಾನೇಜರಿಗೆ ಭರವಸೆಯನ್ನೂ ಕೊಟ್ಟ.

ಹಾಸ್ಟೆಲಿನ ಹುಡುಗಿಯರನ್ನು ಮ್ಯಾನೇಜರು ದಿನಾ ಜಗಲಿಯಿಂದ ನೋಡುತ್ತಿದ್ದರು. ಎರಡು ಜಡೆ ಹಾಕಿಕೊಂಡು, ಊಟ ಕಡಿಮೆಯಾದ ಮುಖ ಹೊತ್ತುಕೊಂಡು ಸಾಲಾಗಿ ಹೋಗುವ ಮಕ್ಕಳು. ಅವರ ತಟ್ಟೆಗೆ ತಮ್ಮ ಪಿಚಕಾರಿಯ ಔಷಧ ಬೀಳುತ್ತದೆ. ಬಿದ್ದರೆ ಏನಾಗುತ್ತದೋ, ಏನೂ ಆಗುವುದಿಲ್ಲವೋ, ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ತಾವು ಬಾಯಿ ಮುಚ್ಚಿಕೊಂಡು ನಿಂತರೆ ಈ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ, ನಾಳೆಯಿಂದ ದೊಡ್ಡಿ ತಮ್ಮದು, ಹೆಂಡತಿ ಎರಡನೇ ಸಲ ಬಡಿಸಿಕೊಳ್ಳುತ್ತಾಳೆ.

ಡಾಕ್ಟರಮ್ಮ ಸ್ಕೂಟರು ಹತ್ತುವ ಮುಂಚೆ ತಿರುಗಿ, ಇವಕ್ಕೆ ಈಚೆಗೆ ಔಷಧ ಏನೂ ಹಾಕಿಲ್ಲ ತಾನೆ ಎಂದು ಭಾವನನ್ನು ಕೇಳಿದರು.

“ಇಲ್ಲಮ್ಮ. ಇವತ್ತು ಎಲ್ಲ ನಮ್ಮ ಭಾವನೋರೇ ನಿಂತು ನೋಡ್ಕೊಂಡಿದ್ದಾರೆ. ಆಫೀಸು ನಡೆಸಿದ ಮನುಷ್ಯ, ಅವರ ಕೈಯಲ್ಲಿ ತಪ್ಪಾಗಲ್ಲ.”

ಆ ಮಾತನ್ನು ಮ್ಯಾನೇಜರಿಗೆ ತಡೆದುಕೊಳ್ಳಲಾಗಲಿಲ್ಲ. ಅಷ್ಟು ನಂಬಿಕೆ ಅವರ ಮೇಲೆ ಯಾರೂ ಇಟ್ಟಿರಲಿಲ್ಲ, ಅಸಲಿ ಮ್ಯಾನೇಜರಂತೂ ಇಟ್ಟಿರಲೇ ಇಲ್ಲ. ಅವರು ಗಾಡಿಯ ಹಲಗೆಗೆ ಅಡ್ಡ ನಿಂತರು.

“ಡಾಕ್ಟರಮ್ಮ, ಇವಕ್ಕೆ ಔಷಧ ಹಾಕಿದ್ದೀನೋ ಇಲ್ವೋ ನನಗೇ ಗೊತ್ತಿಲ್ಲ” ಎಂದರು. ಅಷ್ಟಕ್ಕೇ ನಿಲ್ಲಿಸದೆ ಹೋಗಿ ಕೊಟ್ಟಿಗೆಯ ಬಾಗಿಲು ತೆರೆದರು. ಕುರಿಗಳು ದಬದಬನೆ ಹೊರಗೆ ಬಂದವು. ಬಂದದ್ದೆಲ್ಲ ನೀಲಿ. ಬಲಗಡೆ ಸೊಂಟ, ಒಂದೇ ಅಳತೆ, ಒಂದೇ ಓರೆ. ಇಡೀ ಬೀದಿ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ ಮ್ಯಾನೇಜರು ಚೀಟಿಯಿಂದ ಹಿಡಿದು ಹಿಕ್ಕೆಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಎಡಗಡೆಯ ಜೇಬಿನಿಂದ ಉಂಗುರವನ್ನೂ ತೆಗೆದು ತೋರಿಸಿದರು.

ಮೊದಲು ಮಾತಾಡಿದವನು ಮಟನ್ ಅಂಗಡಿಯವನು. “ಗುರುತು ಮಾತ್ರ ನನಗಿಂತ ನೀಟಾಗಿ ಹಾಕಿದ್ದೀರಿ ಸ್ವಾಮಿ” ಎಂದ. ಆಮೇಲೆ ತಲೆ ಮೇಲೆ ಕೈ ಹೊತ್ತು, ಬೆಳಿಗ್ಗೆ ಹಾಸ್ಟೆಲಿಗೆ ಏನು ಕೊಡಲಿ ಎಂದು ಶುರು ಮಾಡಿದ. ಹೋಗಲಿ, ಪೇಟೆಯ ಹಂದಿಮಾಂಸದವರಿಗಾದರೂ ಎರಡು ಹಂದಿ ಬೇಕಂತೆ, ಅವನ್ನಾದರೂ ಹಿಡಿದುಕೊಡಿ, ಖಾಲಿ ಗಾಡಿಯಲ್ಲಿ ಹೋಗುವುದು ತಪ್ಪಲಿ ಎಂದ. ಅವಕ್ಕೂ ಹಾಕಿದ್ದೇನೆ, ಅದು ಮಾತ್ರ ಖಂಡಿತವಾಗಿ ಗೊತ್ತು ಎಂದರು ಮ್ಯಾನೇಜರು. ಡಾಕ್ಟರಮ್ಮ ಹೆಲ್ಮೆಟ್ಟಿನೊಳಗೇ ನಕ್ಕು, ಯಾವುದಕ್ಕೆ ಬಿದ್ದಿದೆ ಎಂದು ತಿಳಿಯದ ಮೇಲೆ ಎಲ್ಲಕ್ಕೂ ಬಿದ್ದ ಹಾಗೆಯೇ, ಚೀಟಿಯಲ್ಲಿ ಹೇಳಿದ ದಿನ ಮುಗಿಯುವ ತನಕ ಒಂದನ್ನೂ ಕಡಿಯಬೇಡಿ ಎಂದು ಹೇಳಿ ಹೊರಟರು. ಖಾಲಿ ಗಾಡಿಯೂ ಹೊರಟಿತು. ಚಿನ್ನವಿಲ್ಲ ಎಂದ ಮೇಲೆ ಬೀದಿಯವರಿಗೆ ಅಲ್ಲಿ ಏನು ಕೆಲಸ? ಬಡಗಿ ಮಾತ್ರ, ಇಷ್ಟಕ್ಕೆಲ್ಲ ಗೋಡೆ ಹಾರಿ ಮೊಣಕಾಲು ತರಚಿಕೊಂಡೆನಲ್ಲ ಎಂದು ಗೊಣಗುತ್ತ ಬಾಗಿಲಿಂದಲೇ ಹೋದ. ಅತ್ತೆ ಜರಡಿ ಬಿಡಲಿಲ್ಲ. ಅವರ ಓಲೆಗೂ ಅಳಿಯನ ಉಂಗುರಕ್ಕೂ ಸಂಬಂಧವಿಲ್ಲವಂತೆ.

ಭಾವ ಮೇವು ಇಳಿಸಿದರು, ಕೈಕಾಲು ತೊಳೆದರು, ಒಳಗೆ ಹೋದರು. ಆ ಸಂಜೆ ಮ್ಯಾನೇಜರು ಊಟಕ್ಕೇ ಏಳಲಿಲ್ಲ. ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಹೆಂಡತಿ ಬಂದು ಪಕ್ಕದಲ್ಲಿ ಕೂತು ಅವರ ಕೈ ಹಿಡಿದು ಉಂಗುರವನ್ನು ಬೆರಳಿಗೆ ಹಾಕಿದಳು. ಇನ್ನು ಬೇರೆ ಊರಿಗೆ ಹೋಗೋಣ, ನಿಮ್ಮಣ್ಣನಿಗೆ ಮುಖ ತೋರಿಸುವುದು ಹೇಗೆ ಎಂದರು ಮ್ಯಾನೇಜರು. ಅವಳು ಅತ್ತಳು. ಅಳುತ್ತಲೇ, ಕುರಿಯ ಹಿಂದೆ ಕುಪ್ಪಳಿಸ್ತಾ ಇದ್ದಿರಲ್ಲ, ಎಂದು ನಗಲು ಶುರು ಮಾಡಿದಳು. ಯಾವುದು ಅಳು, ಯಾವುದು ನಗು ಎಂದು ಮ್ಯಾನೇಜರಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಗ ಭಾವ ಬಂದು ಕೆಮ್ಮಿದರು. ಅವರ ಕೈಯಲ್ಲಿ ಕೋಲೊಂದಿತ್ತು. ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದರು. ಭಾವ ಕೋಲನ್ನು ಅವರ ಕೈಗೆ ಕೊಟ್ಟರು.

“ಒಂದನ್ನೂ ಮಾರೋ ಹಾಗಿಲ್ಲ. ಅಷ್ಟು ದಿನ ಇವನ್ನೆಲ್ಲ ಮೇಯಿಸೋರು ಬೇಕಲ್ಲ. ಹೊಡ್ಕೊಂಡು ಹೋಗಿ.”

ಮ್ಯಾನೇಜರು ಕೋಲನ್ನು ನೋಡಿದರು, ಭಾವನನ್ನು ನೋಡಿದರು. ನಿನ್ನೆ ಅಷ್ಟೆಲ್ಲ ಆದ ಮೇಲೂ ನನಗೆ ಕೊಡ್ತೀರಾ ಎಂದು ಕೇಳಿದರು. ನಾನು ಹೇಳದೇ ಇದ್ದಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ ಎಂದೂ ಸೇರಿಸಿದರು.

“ಅದಕ್ಕೇ ಕೊಡ್ತಿರೋದು” ಎಂದರು ಭಾವ. ಎರಡು ಹೆಜ್ಜೆ ಹೋದವರು ಮತ್ತೆ ತಿರುಗಿ, ಬಣ್ಣದ ಕಡ್ಡಿ ಮಾತ್ರ ನನ್ನ ಹತ್ತಿರವೇ ಇರುತ್ತೆ ಎಂದರು.

ಮ್ಯಾನೇಜರು ದೊಡ್ಡಿಯ ಬಾಗಿಲು ತೆಗೆದರು. ಕುರಿಗಳು ಬೀದಿ ತುಂಬಿಕೊಂಡು ಹೊರಟವು, ಅವರು ಕೋಲು ಹಿಡಿದು ಹಿಂದೆ ಹೊರಟರು. ಬಡಗಿ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದವನು, ಎಲ್ಲಿಗೆ ಮ್ಯಾನೇಜರ್ರೇ ಬೆಳಬೆಳಿಗ್ಗೆ ಎಂದು ನಗುತ್ತ ಕೇಳಿದ. ಮ್ಯಾನೇಜರು ನಿಂತರು. ಅಂಗಿಯ ಕಾಲರು ಸರಿ ಮಾಡಿಕೊಂಡರು.

“ಡ್ಯೂಟಿಗೆ” ಎಂದರು.

ಹೇಳಿ ಮುಗಿಸುವಷ್ಟರಲ್ಲಿ ಕುರಿಗಳು ಎಡಕ್ಕೆ ಹೋಗುವ ಬದಲು ಬಲಕ್ಕೆ ತಿರುಗಿದ್ದವು. ಮ್ಯಾನೇಜರು ಹಿಂದೆ ಓಡಿದರು.